ಬೆಳ್ಳಗಾದ ಪಾಲಿಶ್ ಮತ್ತು ಹಬ್ಬದ ತಾರೀಕು

ಮುಂಬೈಯಲ್ಲಿ ಗಣಪತಿ ಹಬ್ಬಕ್ಕೆ, ಚೆನ್ನೈಯಲ್ಲಿ ದೀಪಾವಳಿಗೆ ಬಾಗಿಲು, ಕುರ್ಚಿ, ದಿವಾನಗಳಿಗೆ ಪಾಲಿಶ್ ಮಾಡಿಸುವವರು ಬಹಳ. ಒಂದು ಊರಿನಲ್ಲಿ ನೈರುತ್ಯ ಮಾರುತ ಇನ್ನೂ ಹೋಗಿರುವುದಿಲ್ಲ, ಇನ್ನೊಂದರಲ್ಲಿ ಈಶಾನ್ಯ ಮಾರುತ ಆಗಷ್ಟೇ ಕಾಲಿಟ್ಟಿರುತ್ತದೆ. ಗಾಳಿಯೆಲ್ಲ ಒದ್ದೆಯಾಗಿರುವ ಅಂಥ ದಿನ ಪಾಲಿಶ್ ಕಂಡ ಬಾಗಿಲು ಸಂಜೆಯೊಳಗೆ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ಮನೆಯವರು ಪಾಲಿಶ್‌ನವರನ್ನು ಬೈಯುತ್ತಾರೆ. ಪಾಲಿಶ್‌ನವರು ಅಂಗಡಿಯ ಮಾಲನ್ನು ಬೈಯುತ್ತಾರೆ. ತಾರೀಕು ಗೊತ್ತುಮಾಡಿದವರ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ.

ಪೇಂಟ್ ಆಗಿದ್ದರೆ ಕೆಲಸದ ಅವಸರವನ್ನು ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ. ಮರದ ನರ ಕಾಣಲೆಂದೇ ಹಚ್ಚುವ ಪಾರದರ್ಶಕ ಪಾಲಿಶ್ ಅವಸರವನ್ನೂ ಕಾಣಿಸುತ್ತದೆ. ಅರಗಿನ ಪಾಲಿಶ್, ಮೆಲಮೈನ್, ಪಿಯು, ವಾರ್ನಿಶ್, ಯಾವುದೇ ಇರಲಿ, ಮನೆಗಳಲ್ಲಿ ಕಾಣುವ ದೋಷಗಳಲ್ಲಿ ಹೆಚ್ಚಿನವು ಕೈಚಳಕದ ಕೊರತೆಯಿಂದ ಬಂದವಲ್ಲ, ದಿನಗಳ ಕೊರತೆಯಿಂದ ಬಂದವು.

ಬೆಳ್ಳಗಾಗುವುದನ್ನೇ ನೋಡಬಹುದು. ಅರಗನ್ನು ಕರಗಿಸುವುದು ಸ್ಪಿರಿಟ್‌ನಲ್ಲಿ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ, ಅಂಗೈಗೆ ಹಚ್ಚಿಕೊಂಡಾಗ ಆಗುವ ಹಾಗೆಯೇ. ತಣ್ಣಗಾದ ಮೈಯ ಮೇಲೆ ಗಾಳಿಯ ತೇವ ಕೂತು, ಇನ್ನೂ ಗಟ್ಟಿಯಾಗದ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಆ ಬಿಳುಪು ನೀರಿನದು. ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ, ಹೊಳಪು ಬಂದಿಲ್ಲವೆಂದು ಅದರ ಮೇಲೇ ಇನ್ನೊಂದು ಕೋಟ್ ಎಳೆಯುವುದು. ನೀರು ಒಳಗೇ ಉಳಿಯುತ್ತದೆ. ಮಾಡಬೇಕಾದದ್ದು ಬಹಳ ಕಡಿಮೆ: ಬಿಸಿಲು ಬಿದ್ದ ಒಣ ದಿನಕ್ಕೆ ಕಾದು, ಬಟ್ಟೆಯ ಉಂಡೆಗೆ ಒಂದಿಷ್ಟೇ ಸ್ಪಿರಿಟ್ ಸೋಕಿಸಿ, ಎಲ್ಲೂ ನಿಲ್ಲಿಸದೆ ಒಮ್ಮೆ ಹಗುರವಾಗಿ ಸವರಬೇಕು. ಮೇಲ್ಪದರ ಸ್ವಲ್ಪ ಕರಗಿ ತೇವ ಹೊರಗೆ ಹೋಗುತ್ತದೆ, ಬಿಳುಪು ಬಹುಮಟ್ಟಿಗೆ ಮಾಯವಾಗುತ್ತದೆ. ಬಿಸಿ ಚಹಾ ಲೋಟ ಬಿಟ್ಟ ಬಿಳಿ ಬಳೆಗೂ ಮೊದಲು ಮಾಡಿ ನೋಡಬೇಕಾದ ಮದ್ದು ಇದೇ.

ಗುಳ್ಳೆಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಡಬ್ಬಿಯನ್ನು ಕುಲುಕಿ, ದಪ್ಪಗೆ ಬಳಿದು, ಬ್ರಶ್ಶನ್ನು ಬಿರುಸಾಗಿ ಆಡಿಸಿದರೆ ಗಾಳಿ ಸೇರುತ್ತದೆ. ಬೆಳಗಿನ ಬಿಸಿಲಿಗೆ ಬಾಗಿಲನ್ನು ಒಡ್ಡಿ ಬಳಿದರೆ ಮರದ ರಂಧ್ರಗಳ ಗಾಳಿ ಬಿಸಿಯಾಗಿ ಹಿಗ್ಗಿ ಮೇಲೇಳುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಬಳಿಯುವುದು ಕ್ಷೇಮ. ಹಾರ್ಡನರ್ ಬೆರೆಸುವ ಪಿಯುವಿನಲ್ಲಿ ಇನ್ನೊಂದು ತೊಡಕುಂಟು. ಆ ಹಾರ್ಡನರ್ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಮಳೆಗಾಲದಲ್ಲಿ ಥಿನ್ನರ್ ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಸಾಕು, ಮೇಜಿನ ಮೇಲೆ ಸೂಜಿ ಚುಚ್ಚಿದಂಥ ತೂತುಗಳು ಏಳುತ್ತವೆ.

ದೆಹಲಿ, ಹೈದರಾಬಾದಿನ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು. ಸಮನಾಗಿ ಹರಡಿಕೊಳ್ಳುವ ಮೊದಲೇ ಒಣಗಿ ಬ್ರಶ್ಶಿನ ಗೆರೆ ಉಳಿಯುತ್ತದೆ, ಧೂಳು ಕಾಳುಕಾಳಾಗಿ ಅಂಟುತ್ತದೆ. ಅಲ್ಲಿ ನಿಧಾನವಾಗಿ ಆರುವ ಥಿನ್ನರ್ ಬೇಕು, ನೆಲ ಒರೆಸಿ ಫ್ಯಾನ್ ಆರಿಸಬೇಕು, ಎರಡು ಕೋಟ್‌ಗಳ ನಡುವೆ 320ರ ಉಪ್ಪುಕಾಗದ ಹಗುರವಾಗಿ ಆಡಬೇಕು.

ಊರಿಂದ ಬಂದ ಬೀಟೆ ಮರದ ಮಂಚ, ಪೆಟ್ಟಿಗೆಗಳದು ಬೇರೆಯೇ ಹಟ. ಬೀಟೆಯಲ್ಲಿರುವ ಸಹಜ ಎಣ್ಣೆಯಂಶ ವಾರ್ನಿಶ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ದಿನಗಟ್ಟಲೆ ಕಾದರೂ ಅಂಟಂಟು. ಮೇಣ ತೆಗೆದ ಅರಗಿನ ತೆಳು ಪದರವನ್ನು ಮೊದಲು ಕೊಟ್ಟರೆ ಆ ಎಣ್ಣೆ ಕೆಳಗೇ ಉಳಿಯುತ್ತದೆ. ಹೊಳಪಿಗೆಂದು ಸಿಲಿಕೋನ್ ಸ್ಪ್ರೇ ಹೊಡೆಯುತ್ತ ಬಂದ ಮರದ ಮೇಲೆ ಹೊಸ ಪಾಲಿಶ್ ಮೀನಿನ ಕಣ್ಣಿನಂತೆ ಗುಂಡಗುಂಡಗೆ ಬಿಟ್ಟುಕೊಳ್ಳುವುದಕ್ಕೂ ಇದೇ ತಡೆಗೋಡೆ ಆಗುತ್ತದೆ.

ಇಷ್ಟೆಲ್ಲ ಮದ್ದಿದ್ದರೂ ನಗರಗಳಲ್ಲಿ ಗುತ್ತಿಗೆದಾರರು ಹೇಳುವುದು ಒಂದೇ ಮಾತು: ಎಲ್ಲ ಕೆರೆದು ಪಿಯು ಹೊಡೆಸಿಬಿಡಿ. ಇದನ್ನು ಒಪ್ಪುವುದು ಕಷ್ಟ. ಊಟದ ಮೇಜಿಗೆ, ಅಡುಗೆಮನೆಯ ಕಪಾಟಿಗೆ ಪಿಯು ಸರಿಯೇ. ನೀರು, ಬಿಸಿ, ಸಾರಿನ ಕಲೆ ತಡೆಯುವುದರಲ್ಲಿ ಅರಗು ಅದಕ್ಕೆ ಸಾಟಿಯಲ್ಲ. ಆದರೆ ಅಜ್ಜಿಯ ಕಾಲದ ಮಂಚವನ್ನು ಮಷೀನಿನಲ್ಲಿ ಕೆರೆದರೆ ಹೋಗುವುದು ಹಳೆಯ ಪಾಲಿಶ್ ಒಂದೇ ಅಲ್ಲ, ಮರ ಹತ್ತಾರು ವರ್ಷಗಳಲ್ಲಿ ಪಡೆದ ಬಣ್ಣವೂ ಹೋಗುತ್ತದೆ, ಕೆತ್ತನೆಯ ಅಂಚುಗಳೂ ಮೊಂಡಾಗುತ್ತವೆ. ವೆನೀರ್ ಆಗಿದ್ದರೆ ಪದರ ಅರ್ಧ ಮಿಲಿಮೀಟರಿನ ಆಸುಪಾಸು. ಕೆಳಗಿನ ಪ್ಲೈವುಡ್ ಕಾಣಿಸಿಕೊಳ್ಳಲು ಎಷ್ಟು ಹೊತ್ತು? ಅಲ್ಲದೆ ಪಿಯು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಗೀರು ಬಿದ್ದರೆ ಇಡೀ ಹಲಗೆಯನ್ನೇ ಉಜ್ಜಬೇಕಾಗುತ್ತದೆ. ಅರಗಿನ ಹೊಸ ಪದರ ಹಳೆಯದರಲ್ಲಿ ಕರಗಿ ಒಂದಾಗುತ್ತದೆ.

ಕೆರೆಯುವ ಮುನ್ನ ಮಾಡಬೇಕಾದ ಪರೀಕ್ಷೆಗೆ ಐದು ನಿಮಿಷವೂ ಬೇಡ. ಮಂಚದ ಕಾಲಿನ ಒಳಮೈಗೆ ಸ್ಪಿರಿಟ್ ಸೋಕಿದ ಹತ್ತಿಯನ್ನು ಒತ್ತಿಹಿಡಿಯಬೇಕು. ಅಂಟು ಬಂದರೆ ಅದು ಅರಗು, ಉಳಿಸಿಕೊಳ್ಳಬಹುದು. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅರಗು, ಪಾಲಿಶ್‌ನವರ ಚಪಡಾ, ಎಲ್ಲ ಒಂದೇ ಹುಳುವಿನ ಕೊಡುಗೆ. ಮುತ್ತುಗ, ಎಲಚಿಯಂಥ ಮರಗಳ ರೆಂಬೆಗಳ ಮೇಲೆ ಅದನ್ನು ಬೆಳೆಯುವವರಲ್ಲಿ ಜಾರ್ಖಂಡ್, ಛತ್ತೀಸ್‌ಗಢದ ಆದಿವಾಸಿಗಳು ಬಹಳ. ಅದರ ಅಧ್ಯಯನಕ್ಕೆಂದೇ 1924ರಲ್ಲಿ ರಾಂಚಿಯ ಬಳಿ ಸಂಶೋಧನಾ ಸಂಸ್ಥೆಯೊಂದು ಹುಟ್ಟಿತು. ಕೇಂದ್ರ ಲೋಕೋಪಯೋಗಿ ಇಲಾಖೆಯ ಅಳತೆಯಲ್ಲಿ ಲೀಟರ್ ಸ್ಪಿರಿಟ್‌ಗೆ 140 ಗ್ರಾಂ ಅರಗು. ಅಂದರೆ ತೆಳುವಾದ ಪದರ, ಹಲವು ಸಲ. ಕರಗಿಸಿ ವರ್ಷಗಟ್ಟಲೆ ಇಟ್ಟ ಅರಗು ಗಟ್ಟಿಯಾಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಮರುದಿನ ಉಗುರು ಒತ್ತಿದರೆ ತಿಳಿಯುತ್ತದೆ.

ಹಲವು ಸಲ ಎಂಬಲ್ಲೇ ಹಣದ ಪ್ರಶ್ನೆ ಬರುತ್ತದೆ. ಕೂಲಿ ಚದರಡಿಯ ಲೆಕ್ಕದಲ್ಲಿರುವಾಗ ಕಾಯುವ ದಿನಕ್ಕೆ ಪಾಲಿಶ್‌ನವರಿಗೆ ಒಂದು ಪೈಸೆಯೂ ಇಲ್ಲ. ಮಳೆ ಬಂದರೂ ಅವರು ಬಳಿಯದೆ ಇನ್ನೇನು ಮಾಡಿಯಾರು? ಅದೇ ಅವಸರದಲ್ಲಿ ಮುಚ್ಚಿದ ಕೋಣೆಯೊಳಗೆ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಪಿಯು ಸ್ಪ್ರೇ ಮಾಡುತ್ತಾರೆ. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಆಸ್ತಮಾ ತರಬಲ್ಲದು, ಅದಕ್ಕೆ ಕರವಸ್ತ್ರ ತಡೆಯಲ್ಲ. ಕೆಲಸ ಒಪ್ಪಿಸುವಾಗಲೇ ಮಳೆಯ ದಿನಗಳಿಗೆ ಅರ್ಧ ಕೂಲಿ, ಸರಿಯಾದ ಮಾಸ್ಕ್, ಅದೇ ಮರದ ತುಂಡೊಂದರ ಮೇಲೆ ಮೊದಲು ಮಾದರಿ, ಈ ಮೂರನ್ನೂ ಮಾತಾಡಿಕೊಂಡರೆ ಕೆರೆದು ಮತ್ತೆ ಮಾಡಿಸುವ ಖರ್ಚಿಗಿಂತ ಅದು ಅಗ್ಗವೇ. ಗಣಪತಿಯನ್ನು ಈ ವರ್ಷ ಹಳೆಯ ಬಾಗಿಲಿನಿಂದಲೇ ಕರೆತರಬಹುದು. ಪಾಲಿಶ್ ಡಿಸೆಂಬರಿಗೆ ಇರಲಿ.