ಪಟ್ಟಿಯಲ್ಲಿ ಅಪ್ಪ, ಅವ್ವ ಇಲ್ಲ

ಟೂರ್ ಕಂಪನಿಗಳು ಕಳಿಸೋ ಪಟ್ಟಿಯನ್ನ ನೀವೂ ನೋಡಿರ್ತೀರಿ. ಟ್ರೆಕಿಂಗ್ ಶೂ, ಬೇಗ ಒಣಗೋ ಪ್ಯಾಂಟು, ರೇನ್‌ಕೋಟು, ಹೆಡ್ ಟಾರ್ಚು, ಜಿಗಣೆ ಕಾಲುಚೀಲ, ಪವರ್ ಬ್ಯಾಂಕು. ಅಡ್ವಾನ್ಸ್ ಕಟ್ಟಿದ ಮರುಕ್ಷಣವೇ ವಾಟ್ಸಾಪಿಗೆ ಬಂದು ಬೀಳುತ್ತೆ. ನಾವು ಶನಿವಾರ ಡೆಕಾಥ್ಲಾನಿಗೆ ಹೋಗಿ, ಪಟ್ಟಿಯಲ್ಲಿರೋದನ್ನೆಲ್ಲ ಬುಟ್ಟಿಗೆ ತುಂಬಿ, ಬಿಲ್ ಕಟ್ಟಿ ಬಂದು ‘ಪ್ರಿಪರೇಶನ್ ಮುಗೀತು’ ಅಂತ ನಿಟ್ಟುಸಿರು ಬಿಡ್ತೀವಿ. ನನ್ನ ತಕರಾರು ಇರೋದೇ ಇಲ್ಲಿ. ಅದು ಸಿದ್ಧತೆ ಅಲ್ಲ ಸ್ವಾಮಿ, ಶಾಪಿಂಗು. ಅರವತ್ತೆಂಟು ವರ್ಷದ ಅಪ್ಪನನ್ನೂ ಏಳು ವರ್ಷದ ಮಗಳನ್ನೂ ಕಾಡಿಗೆ ಕರಕೊಂಡು ಹೋಗೋದಕ್ಕೂ ಆ ಬುಟ್ಟಿಗೂ ಇರೋ ಸಂಬಂಧ ಬಹಳ ಕಮ್ಮಿ.

ನಮ್ಮೂರು ಅರಸೀಕೆರೆ. ಅಂದಕೂಡ್ಲೇ ಬೆಂಗಳೂರಿನವರು ‘ಓ, ರೈಲ್ವೆ ಜಂಕ್ಷನ್ ಅಲ್ವಾ’ ಅಂತಾರೆ. ಅದು ಹಾಸನದ್ದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಕೂತ ಜಾಗದಿಂದ ಏಳದೆ ಜಿಲ್ಲೆ ಬದಲಿಸಿದ ಜನ ನಾವು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಜಿಲ್ಲೆ ಯಾವುದಾದರೂ ಮಳೆ ಮಾತ್ರ ಅಷ್ಟೇ, ವರ್ಷಕ್ಕೆ ಸುಮಾರು 600 ಮಿಲಿಮೀಟರು. ಆಗುಂಬೆಯಲ್ಲಿ ಅದು 7,000 ದಾಟುತ್ತೆ. ನಮಗೆ ವರ್ಷವಿಡೀ ಬೀಳೋದಕ್ಕಿಂತ ಜಾಸ್ತಿ ಮಳೆ ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುತ್ತೆ. ಬೆಂಗಳೂರಲ್ಲಿ ಸಂಬಳ ತಗೊಳ್ಳೋ ನಮ್ಮಂಥ ಮಕ್ಕಳಿಗೆ ಈಗ ಹೊಸ ಹುಕಿ ಬಂದಿದೆ. ಊರಿಂದ ಅಪ್ಪ ಅವ್ವನನ್ನ ಕರೆಸಿ, ಹೆಂಡತಿ ಮಕ್ಕಳನ್ನ ಸೇರಿಸಿ, ಗೈಡ್ ಸಮೇತ ಮೂರು ದಿನದ ‘ಫ್ಯಾಮಿಲಿ ಟ್ರಾಪಿಕಲ್ ಅಡ್ವೆಂಚರ್’. ಆಗುಂಬೆ, ಕುದುರೆಮುಖ, ದಾಂಡೇಲಿ, ಎಲ್ಲಾದರೂ ಸರಿ.

ಟ್ರಾಪಿಕಲ್ ಅನ್ನೋ ಪದಕ್ಕೇ ನಗು ಬರುತ್ತೆ. ಇಡೀ ಕರ್ನಾಟಕ ಇರೋದೇ ಉಷ್ಣವಲಯದಲ್ಲಿ. ನಮ್ಮಪ್ಪ ಹುಟ್ಟಿದಾಗಿಂದ ಟ್ರಾಪಿಕಲ್ ಅಡ್ವೆಂಚರೇ ಮಾಡ್ತಾ ಬಂದಿದಾರೆ, ಹೊಲದಲ್ಲಿ, ಮೆಕ್ಕೆಜೋಳದ ನಡುವೆ. ಹಂಗಾಗಿ ‘ನಂಗೇನ್ ಬಿಸಿಲು ಹೊಸದಾ?’ ಅಂತ ಅವರು ಕೇಳೋದು ಸಹಜ. ಆದರೆ ನಮ್ಮ ಕಡೆಯ ಬಿಸಿಲು ಒಣ ಬಿಸಿಲು. ಬೆವರು ಬಂದದ್ದೇ ಆರುತ್ತೆ, ಆರುವಾಗ ಮೈ ತಂಪಾಗುತ್ತೆ. ಮಳೆಕಾಡಿನ ತೇವದಲ್ಲಿ ಬೆವರು ಆರೋದೇ ಇಲ್ಲ. ಮೈಮೇಲೆ ಹರಿದು ಹೋಗುತ್ತೆ, ಮೈ ತಂಪಾಗಲ್ಲ. ನೆರಳಿದೆ, ಮೋಡ ಇದೆ ಅಂತ ಬಾಯಾರಿಕೆಯೂ ಗೊತ್ತಾಗಲ್ಲ. ಬಿಪಿಗೆ ಅಂತ ಮೂತ್ರ ಜಾಸ್ತಿ ಮಾಡೋ ಮಾತ್ರೆ ತಗೊಳ್ಳೋ ಹಿರಿಯರಿಗೆ ಇಂಥ ಕಡೆ ಏರು ಹತ್ತುವಾಗ ತಲೆ ತಿರುಗೋದು ದೊಡ್ಡ ಆಶ್ಚರ್ಯ ಅಲ್ಲ. ಕಂಪನಿಯ ಪಟ್ಟಿಯಲ್ಲಿ ಎಲೆಕ್ಟ್ರೋಲೈಟ್ ಪುಡಿ ಇರಬಹುದು. ‘ನಿಮ್ಮ ತಂದೆ ಯಾವ ಮಾತ್ರೆ ತಗೊಳ್ತಾರೆ?’ ಅನ್ನೋ ಪ್ರಶ್ನೆ ನಾನು ನೋಡಿದ ಒಂದು ಪಟ್ಟಿಯಲ್ಲೂ ಇರಲಿಲ್ಲ.

ನಾನು ಹೇಳಬೇಕಾಗಿರೋದು ಇಷ್ಟೇ. ಗೈಡ್‌ಗೆ ಕಾಡು ಗೊತ್ತು, ನಿಮ್ಮ ಮನೆಯವರು ಗೊತ್ತಿಲ್ಲ. ನಿಮಗೆ ಮನೆಯವರು ಗೊತ್ತು, ಕಾಡು ಗೊತ್ತಿಲ್ಲ. ಹೊರಡೋ ಮುಂಚೆ ಇವೆರಡನ್ನೂ ಒಂದು ಮಾಡೋದೇ ಸಿದ್ಧತೆ. ಉಳಿದದ್ದೆಲ್ಲ ಲಗೇಜು. ಗೈಡ್ ಇದಾನೆ, ಎಲ್ಲ ಅವನೇ ನೋಡ್ಕೋತಾನೆ ಅನ್ನೋದು ಪ್ಯಾಕೇಜಿನ ಜೊತೆ ನಮಗೆ ಮಾರೋ ಅತಿ ದೊಡ್ಡ ಸುಳ್ಳು. ನಾವು ಅದನ್ನ ಖುಷಿಯಿಂದ ಕೊಂಡುಕೊಳ್ತೀವಿ, ಯಾಕಂದ್ರೆ ವಾರವಿಡೀ ಜವಾಬ್ದಾರಿ ಹೊತ್ತು ಸಾಕಾಗಿರುತ್ತೆ.

ಕಾಲಿನಿಂದಲೇ ಶುರು ಮಾಡೋಣ. ಅವ್ವ ಜೀವಮಾನ ಪೂರ್ತಿ ಚಪ್ಪಲಿಯಲ್ಲಿ ನಡೆದವಳು. ಹೊರಡೋ ಹಿಂದಿನ ದಿನ ಹೊಸ ಶೂ ತಂದು ‘ಹಾಕ್ಕೋ ಅವ್ವಾ’ ಅಂದ್ರೆ ಎರಡನೇ ಕಿಲೋಮೀಟರಿಗೆ ಬೊಬ್ಬೆ ಏಳುತ್ತೆ. ಶೂ ಒಂದು ತಿಂಗಳು ಮುಂಚೆ ಊರಿಗೆ ಕಳಿಸಿ. ಕಾಲುಚೀಲ ಹಾಕಿಕೊಂಡು ಹೊಲದ ತನಕ ದಿನಾ ನಡೆದು ಬರಲಿ. ಒಂದೆರಡು ದಿನ ನೆನೆಸಿ ನಡೆಯಲಿ, ಯಾಕಂದ್ರೆ ಮಲೆನಾಡಲ್ಲಿ ಶೂ ಒಣಗಿರಲ್ಲ. ಜಿಮ್ ಬೇಕಿಲ್ಲ. ನಮ್ಮ ತಾಲ್ಲೂಕಿನಲ್ಲೇ ಉಚ್ಚಂಗಿದುರ್ಗ ಇದೆ. ಅಮ್ಮನ ದರ್ಶನಕ್ಕೆ ಅಂತ ಹೇಗೂ ಹತ್ತೋ ಮೆಟ್ಟಿಲು. ಮೂರು ವಾರದಲ್ಲಿ ಆರು ಸಲ ಹತ್ತಿ ಇಳಿದರೆ, ಯಾರ ಮಂಡಿ ಎಷ್ಟು ತಡೆಯುತ್ತೆ ಅನ್ನೋದು ಬೆಂಗಳೂರಲ್ಲಿ ಕೂತ ನಿಮಗೂ ಗೊತ್ತಾಗುತ್ತೆ. ಹತ್ತುವಾಗಲ್ಲ, ಇಳಿಯುವಾಗ ಗಮನಿಸಿ. ಮಂಡಿ ಕೈಕೊಡೋದು ಸಾಮಾನ್ಯವಾಗಿ ಇಳಿಜಾರಲ್ಲಿ.

ಎರಡನೇದು, ಯಾರೂ ಬಾಯಿಬಿಟ್ಟು ಹೇಳದ ವಿಷಯ, ಶೌಚಾಲಯ. ನಮ್ಮ ಹೆಣ್ಣುಮಕ್ಕಳು ಬಸ್ಸು ಹತ್ತೋ ದಿನ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಹೋಗೋಕೆ ಜಾಗ ಇರಲ್ಲ ಅನ್ನೋ ಭಯ. ಬಸ್ಸಲ್ಲಾದರೆ ತಲೆನೋವು ಬಂದು ಹೋಗುತ್ತೆ. ಆರು ತಾಸು ಕಾಡಲ್ಲಿ ನಡೆಯೋ ದಿನ ಹಂಗೆ ಮಾಡಿದರೆ ಸುಸ್ತಾಗಿ ಬೀಳ್ತಾರೆ. ಕಂಪನಿಗೆ ಫೋನ್ ಮಾಡಿ, ‘ದಾರಿಯಲ್ಲಿ ಹೆಂಗಸರಿಗೆ ಎಲ್ಲೆಲ್ಲಿ ವ್ಯವಸ್ಥೆ ಇದೆ, ಇಲ್ಲದ ಕಡೆ ಏನು ಮಾಡ್ತೀರಿ?’ ಅಂತ ಕೇಳಿ. ನಾಚಿಕೆ ಪಡಬೇಡಿ. ಉತ್ತರವನ್ನ ಅವ್ವನಿಗೆ, ಹೆಂಡತಿಗೆ ಮುಂಚೆಯೇ ಹೇಳಿ. ಆಗ ಮಾತ್ರ ಅವರು ನೀರು ಕುಡೀತಾರೆ.

ಇನ್ನು ಜಿಗಣೆ. ಎಲ್ಲರೂ ಹೆದರೋದು ಇದಕ್ಕೇ, ಪಟ್ಟಿಯಲ್ಲಿ ದುಬಾರಿ ಕಾಲುಚೀಲ ಇರೋದೂ ಇದಕ್ಕೇ. ಜಿಗಣೆ ಕಚ್ಚಿದರೆ ಒಂದಿಷ್ಟು ರಕ್ತ ಹೋಗುತ್ತೆ, ಒಂದಿಷ್ಟು ಕೆರೆತ, ಮುಗೀತು. ಮಲೆನಾಡಿನವರು ಅದಕ್ಕೆ ಹಿಂದಿನಿಂದಲೂ ಹಚ್ಚೋದು ಸುಣ್ಣ, ಹೊಗೆಸೊಪ್ಪು. ಎರಡೂ ನಮ್ಮವ್ವನ ಎಲೆಅಡಿಕೆ ಚೀಲದಲ್ಲೇ ಇರುತ್ತೆ. ನಿಜವಾಗಿ ಹೆದರಬೇಕಾದ್ದು ಕಣ್ಣಿಗೆ ಸರಿಯಾಗಿ ಕಾಣದ ಉಣ್ಣೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದು ಈ ಉಣ್ಣೆಗಳಿಂದ. ಇವತ್ತಿಗೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಜನ ಇದರಿಂದ ಸಾಯ್ತಿದಾರೆ. ಹಳೇ ಲಸಿಕೆ ಅಷ್ಟಾಗಿ ಕೆಲಸ ಮಾಡ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿಬಿಟ್ಟರು. ಕಾಯಿಲೆ ಜೋರಾಗಿರೋ ಕಾಲ ಡಿಸೆಂಬರಿಂದ ಮೇವರೆಗೆ. ಅಂದ್ರೆ ಕ್ರಿಸ್‌ಮಸ್ ರಜೆಯಿಂದ ಬೇಸಿಗೆ ರಜೆವರೆಗೆ, ಬ್ರೋಷರುಗಳು ‘ಬೆಸ್ಟ್ ಸೀಸನ್’ ಅಂತ ಕರೆಯೋ ಅದೇ ತಿಂಗಳುಗಳು. ಜಿಗಣೆ ಬಗ್ಗೆ ಜೋಕು ಹಾಕೋ ಬ್ರೋಷರು ಉಣ್ಣೆ ಬಗ್ಗೆ ಒಂದು ಸಾಲೂ ಬರೆಯಲ್ಲ. ಬರೆದರೆ ಬುಕಿಂಗ್ ಬರಲ್ಲ, ಅಷ್ಟೇ.

ಇದಕ್ಕೆ ತಯಾರಿ ಕಷ್ಟ ಏನಲ್ಲ. ಹೊರಡೋ ವಾರ ಆ ತಾಲ್ಲೂಕಿನ ಆರೋಗ್ಯ ಇಲಾಖೆಗೋ ಹೋಂಸ್ಟೇಯವರಿಗೋ ಫೋನ್ ಮಾಡಿ, ‘ಈ ವರ್ಷ ಈ ಕಡೆ ಮಂಗ ಸತ್ತಿದಾವಾ? ಜ್ವರ ಬಂದಿದೆಯಾ?’ ಅಂತ ಕೇಳಿ. ಹೌದು ಅಂದ್ರೆ ಜಾಗ ಬದಲಿಸಿ. ಹೋದರೆ ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಮಲೆನಾಡಲ್ಲಿ ಆರೋಗ್ಯ ಇಲಾಖೆ ಹಂಚೋ ಡೇಪಾ ಎಣ್ಣೆಯಂಥದ್ದನ್ನ ಹಚ್ಚಿಕೊಳ್ಳಿ. ಒಣಗಿದ ತರಗೆಲೆ ಮೇಲೆ ಕೂತು ಫೋಟೋ ತೆಗೆಸಿಕೊಳ್ಳೋದು ಬೇಡ, ಮಕ್ಕಳನ್ನಂತೂ ಕೂರಿಸಲೇಬೇಡಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ. ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ಹುಡುಕಿ. ಉಣ್ಣೆ ಸಿಕ್ಕರೆ ಸುಡಬೇಡಿ, ಸೀಮೆಎಣ್ಣೆ ಹಾಕಬೇಡಿ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಎಲ್ಲಕ್ಕಿಂತ ಮುಖ್ಯವಾದ್ದು ವಾಪಸ್ ಬಂದ ಮೇಲೆ. ವಾರದೊಳಗೆ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ವಿ’ ಅಂತ ಮೊದಲ ಮಾತಲ್ಲೇ ಹೇಳಿ. ಹರಪನಹಳ್ಳಿಯಲ್ಲೋ ವೈಟ್‌ಫೀಲ್ಡಿನಲ್ಲೋ ಕೂತ ಡಾಕ್ಟರಿಗೆ ನೀವು ಹೇಳದೆ ಮಂಗನ ಕಾಯಿಲೆ ನೆನಪಾಗೋದು ಹೇಗೆ?

ಹಾವಿನ ವಿಷಯಕ್ಕೆ ಬಂದರೆ, ಒಮ್ಮೆ ಒಂದು ಕಂಪನಿಗೆ ಫೋನ್ ಮಾಡಿ ‘ಹತ್ತಿರದಲ್ಲಿ ಹಾವಿನ ವಿಷಕ್ಕೆ ಔಷಧಿ ಇರೋ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತು?’ ಅಂತ ಕೇಳಿದೆ. ‘ಸಾರ್, ನಮ್ಮ ಟೂರಲ್ಲಿ ಹಾವು ಬರಲ್ಲ’ ಅಂದ ಆ ಹುಡುಗ. ತಮಾಷೆಗಲ್ಲ, ಸೀರಿಯಸ್ಸಾಗೇ ಅಂದ. ಹಾವಿಗೆ ಇವರ ಐಟಿನರರಿ ತಲುಪಿಸಿದ್ದು ಯಾರೋ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು, ಹೀರೋದು ಮಾಡಬಾರದು. ಕಚ್ಚಿದ ಕೈಕಾಲು ಅಲ್ಲಾಡಿಸದೆ ಬೇಗ ಆಸ್ಪತ್ರೆಗೆ ಸಾಗಿಸಬೇಕು. ಹಾಗಾಗಿ ‘ವಾಹನ ಬರೋ ಕೊನೇ ಜಾಗ ಎಲ್ಲಿ, ಫೋನ್ ಸಿಗ್ನಲ್ ಎಲ್ಲಿವರೆಗೆ, ಹೊತ್ತು ತರೋಕೆ ಎಷ್ಟು ಜನ ಇದೀರಿ?’ ಅನ್ನೋ ಮೂರು ಪ್ರಶ್ನೆಗೆ ಉತ್ತರ ಬೇಕೇಬೇಕು. ಉತ್ತರ ಇಲ್ಲದವರಿಗೆ ಬಾಕಿ ದುಡ್ಡು ಕಟ್ಟಬೇಡಿ.

ನೀರಿನ ಮಾತು ಇನ್ನೂ ಗಂಭೀರ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುಳುಗಿ ಸತ್ತರು. ಬಯಲುಸೀಮೆ ಮಕ್ಕಳು. ನಮ್ಮ ಮಕ್ಕಳೂ ಅಂಥವೇ. ಕೆರೆ ಒಣಗಿರೋದನ್ನ ನೋಡಿದಷ್ಟು ತುಂಬಿರೋದನ್ನ ನೋಡಿಲ್ಲ, ಈಜು ಕಲಿಯೋದೆಲ್ಲಿಂದ? ದಾಂಡೇಲಿ ಕಡೆ ಕಾಳಿ ನದಿಯ ರಾಫ್ಟಿಂಗ್ ನಡೆಯೋದು ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ. ಅಂದ್ರೆ ಹೊಳೆ ಬೆಳಿಗ್ಗೆ ಇದ್ದಂತೆ ಮಧ್ಯಾಹ್ನ ಇರಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ, ಒಂದು ದೋಣಿಗೆ ಎಷ್ಟು ಜನ, ಎಷ್ಟು ವರ್ಷಕ್ಕಿಂತ ಚಿಕ್ಕವರನ್ನ ಹತ್ತಿಸಲ್ಲ ಅಂತ ಮೊದಲೇ ಕೇಳಿ. ದೊಡ್ಡವರ ಜಾಕೆಟನ್ನ ಮಗುವಿಗೆ ತೊಡಿಸಿ ಹೆಗಲ ಹತ್ತಿರ ಮೇಲಕ್ಕೆಳೆದು ನೋಡಿ. ಕಿವಿಗೆ ಬಂದರೆ ಅದು ನೀರಲ್ಲಿ ಮಗುವನ್ನ ಬಿಟ್ಟು ತಾನೊಂದೇ ತೇಲುತ್ತೆ. ‘ಏನಾಗಲ್ಲ ಸಾರ್’ ಅನ್ನೋದು ಅಳತೆ ಅಲ್ಲ.

ಅಯ್ಯೋ, ಇಷ್ಟೆಲ್ಲ ತಲೆಕೆಡಿಸಿಕೊಂಡರೆ ಟೂರ್ ಯಾಕೆ, ಮನೇಲೇ ಇರಬಹುದಲ್ಲ ಅಂತ ನನ್ನ ಟೀಮಿನವರೇ ಅಂತಾರೆ. ಇದೇ ಜನ ಆಫೀಸಲ್ಲಿ ಒಂದು ಸಣ್ಣ ರಿಲೀಸಿಗೆ ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ಬಟನ್ ಒತ್ತಲ್ಲ. ಅವ್ವನನ್ನ ಬೆಟ್ಟಕ್ಕೆ ಹತ್ತಿಸುವಾಗ ಮಾತ್ರ ‘ನೋಡ್ಕೊಳ್ಳೋಣ ಬಿಡು’. ಅಪ್ಪ ಅವ್ವ ಮಗ ದುಡ್ಡು ಹಾಕಿದಾನೆ ಅಂತ ಸುಸ್ತಾದರೂ ಹೇಳಲ್ಲ, ಮಂಡಿ ನೋವನ್ನ ನುಂಗಿಕೊಂಡು ನಗ್ತಾ ಫೋಟೋಗೆ ನಿಲ್ತಾರೆ. ಆ ನಗುವನ್ನ ನಂಬಿ ನಾವು ಇನ್ನೂ ಎರಡು ಕಿಲೋಮೀಟರ್ ನಡೆಸ್ತೀವಿ. ಈ ಮುಲಾಜನ್ನ ಮುರಿಯೋದೂ ಸಿದ್ಧತೆಯೇ. ಹೊರಡೋ ಮುಂಚೆ ಮನೇಲಿ ಎಲ್ಲರನ್ನೂ ಕೂರಿಸಿ ಹೇಳಿ, ‘ಯಾರು ಬೇಕಾದರೂ, ಯಾವಾಗ ಬೇಕಾದರೂ, ಬ್ಯಾಡ ಅನ್ನಬಹುದು. ಕಾರಣ ಕೇಳಲ್ಲ.’

ಗೈಡ್‌ಗೂ ಅದೇ ಹಕ್ಕು ಬೇಕು. ಅವನು ಬಹಳ ಸಲ ಅದೇ ಊರಿನ ಹುಡುಗ, ದಿನಗೂಲಿಯವನು. ಮೋಡ ನೋಡಿ ‘ವಾಪಸ್ ಹೋಗಣ’ ಅಂತ ಅವನಿಗನ್ನಿಸಿದರೂ, ಗಿರಾಕಿ ಒಂದು ಸ್ಟಾರ್ ಕೊಟ್ಟಾರು ಅಂತ ಸುಮ್ಮನಾಗ್ತಾನೆ. ಹೊರಡೋ ಮೊದಲೇ ಅವನ ನಂಬರ್ ತಗೊಳ್ಳಿ, ಕಂಪನಿಯ ಸೇಲ್ಸ್‌ನವರದ್ದಲ್ಲ. ಒಂದು ಪುಟ ಬರೆದು ಕಳಿಸಿ. ಯಾರಿಗೆ ಎಷ್ಟು ವಯಸ್ಸು, ಯಾವ ಮಾತ್ರೆ, ಯಾರಿಗೆ ಈಜು ಬರಲ್ಲ, ಯಾರು ಎಷ್ಟು ದೂರ ನಡೀತಾರೆ. ಕೊನೆಗೆ ‘ನೀವು ವಾಪಸ್ ಅಂದರೆ ವಾಪಸ್, ದುಡ್ಡು ಕೇಳಲ್ಲ’ ಅಂತ ಸೇರಿಸಿ. ಆ ಒಂದು ಸಾಲಿಗಿರೋ ಬೆಲೆ ನಿಮ್ಮ ಹತ್ತು ಸಾವಿರದ ಶೂಗೆ ಇಲ್ಲ.

ಪರ್ಮಿಟ್ಟೂ ನೋಡಿ. 2024ರ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ನುಗ್ಗಿ, ಅರಣ್ಯ ಇಲಾಖೆ ಚಾರಣವನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯ್ತು. ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಂತಿಷ್ಟೇ ಜನ ಅನ್ನೋ ಮಿತಿ ಬಂತು. ಟಿಕೆಟ್ ನಿಮ್ಮ ಹೆಸರಲ್ಲೇ ಇರಬೇಕು. ‘ಗೇಟಲ್ಲಿ ಮ್ಯಾನೇಜ್ ಮಾಡ್ತೀವಿ’ ಅನ್ನೋ ಕಂಪನಿ ಅಪಾಯವನ್ನೂ ಹಾಗೇ ಮ್ಯಾನೇಜ್ ಮಾಡುತ್ತೆ.

ಮಂಡಿ ಒಪ್ಪಲಿಲ್ಲ ಅಂದ್ರೆ? ಮಲೆನಾಡೇ ಆಗಬೇಕು ಅಂತ ಯಾರಂದರು? ಹಂಪಿ ಪಕ್ಕದ ದರೋಜಿಯಲ್ಲಿ 1994ರಿಂದ ಕರಡಿಧಾಮ ಇದೆ. ಸಂಜೆ ಹೊತ್ತು ಬಂಡೆ ಮೇಲೆ ಕರಡಿ ಇಳಿಯೋದನ್ನ ಕೂತಲ್ಲಿಂದಲೇ ನೋಡಬಹುದು. ಅದೂ ಉಷ್ಣವಲಯವೇ, ಅದೂ ಕಾಡೇ, ಅಪ್ಪನಿಗೆ ಗೊತ್ತಿರೋ ಬಿಸಿಲು, ಗೊತ್ತಿರೋ ಗಿಡ. ಅಲ್ಲಿ ಗೈಡ್‌ಗೆ ಅವರೇ ನಾಲ್ಕು ಮಾತು ಹೇಳಿಯಾರು.

ಶಾಪಿಂಗ್ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ರೇನ್‌ಕೋಟು ಬೇಕು, ಟಾರ್ಚು ಬೇಕು. ಆದರೆ ಈ ಶನಿವಾರ ಅಂಗಡಿಗೆ ಹೋಗೋ ಮುಂಚೆ ಎರಡು ಫೋನ್ ಮಾಡಿ. ಒಂದು ಊರಿಗೆ, ಅಪ್ಪನ ಮಾತ್ರೆಯ ಹೆಸರು ಕೇಳೋಕೆ. ಇನ್ನೊಂದು ಗೈಡ್‌ಗೆ, ಅದನ್ನ ಹೇಳೋಕೆ.