ಅರುವತ್ತರ ಮೇಲೆ ಅಂಗಸಾಧನೆ

ನಮ್ಮ ಸಂಘದ ವ್ಯಾಯಾಮಶಾಲೆಯನ್ನು ವಾರಕ್ಕೆ ಎರಡು ಬೆಳಿಗ್ಗೆ 60 ದಾಟಿದ ಸದಸ್ಯರಿಗೆ ಬಿಟ್ಟುಕೊಡಬೇಕೆಂಬ ಸೂಚನೆ ಬಂದಾಗ ಸಭೆಯಲ್ಲಿ ನಗೆಯೆದ್ದಿತು. “ನಲವತ್ತು ವರುಷ ಹೋಟೆಲಿನಲ್ಲಿ ಹಂಡೆ ಎತ್ತಿದವರಿಗೆ ಇನ್ನೇನು ಸಾಮು ಕಲಿಸುತ್ತೀರಿ, ಸ್ವಾಮೀ?” ಎಂದರು ಒಬ್ಬ ಹಿರಿಯರು. ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ನಾಲ್ಕು ಕಡೆ ಓದಿ, ತಿಳಿದವರನ್ನು ಕೇಳಿ ನೋಡಿದ ಮೇಲೆ, ನಕ್ಕದ್ದು ತಪ್ಪೆಂದು ಒಪ್ಪಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ದುಡಿಮೆ ಬೇರೆ, ಅಂಗಸಾಧನೆ ಬೇರೆ. ಹನ್ನೆರಡು ತಾಸು ಒಲೆಯ ಮುಂದೆ ನಿಂತವನ ಕಾಲು ಬಾತುಕೊಳ್ಳುತ್ತದೆಯೇ ಹೊರತು ಬಲಿಯುವುದಿಲ್ಲ. ಗಿರಣಿಯಲ್ಲಿ ಪಾಳಿಯುದ್ದಕ್ಕೂ ಒಂದೇ ತೋಳು ಒಂದೇ ಬಗೆಯಾಗಿ ಆಡುತ್ತಿತ್ತು. ದಣಿವಾರಿಸಿಕೊಳ್ಳಲು ಪುರುಸೊತ್ತು ಕೊಡುವವರು ಯಾರು? ಡೆನ್ಮಾರ್ಕಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಒಂದು ವರದಿ ಹೊರಟಿತು. ಬಿಡುವಿನ ವೇಳೆಯಲ್ಲಿ ಮೈ ದಂಡಿಸಿದವರಲ್ಲಿ ಹೃದ್ರೋಗವೂ ಸಾವೂ ಕಡಿಮೆ ಕಂಡವು. ಕೆಲಸದಲ್ಲೇ ಮೈಮುರಿದವರಲ್ಲಿ ಆ ಲಾಭ ಕಾಣಲಿಲ್ಲ, ಸಾವು ಹೆಚ್ಚೇ ಇತ್ತು. ನಮ್ಮ ಮೈಯಿಂದ ಮಾಲಿಕರು ಪಡೆದ ಕೆಲಸವನ್ನು ನಾವು ಆರೋಗ್ಯದ ಲೆಕ್ಕಕ್ಕೆ ಜಮಾ ಮಾಡಿಕೊಂಡು ಕೂತಿದ್ದೇವೆ.

ಇನ್ನು ಹಾರ್ಮೋನಿನ ಮಾತು. ಗ್ರಂಥಿಗಳಲ್ಲಿ ಹುಟ್ಟಿ ರಕ್ತದೊಡನೆ ಹರಿದು, ಸ್ನಾಯುವಿಗೆ ‘ಬೆಳೆ’ ಎಂದೋ ‘ಕರಗು’ ಎಂದೋ ಹೇಳಿಬರುವ ದೂತರಿವು. ಬೆಳೆಸುವ ಟೆಸ್ಟೋಸ್ಟಿರೋನು ನಡುವಯಸ್ಸಿನಿಂದ ಮೆಲ್ಲಗೆ ಇಳಿಯುತ್ತದೆ. ಬೆಳವಣಿಗೆಯ ಹಾರ್ಮೋನೂ ಹಾಗೆಯೇ. ಕಾರ್ಟಿಸೋಲ್ ಎಂಬುದು ಕಷ್ಟಕಾಲದ ದೂತ, ಬಹಳ ದಿನ ಮೇಲೇರಿ ನಿಂತರೆ ಸ್ನಾಯುವನ್ನೇ ಕರಗಿಸುತ್ತದೆ. 1999ರಲ್ಲಿ ಅಮೆರಿಕದ ವಿಜ್ಞಾನಿಗಳು 30ರ ಪ್ರಾಯದ 8 ಮಂದಿ, 62ರ ಪ್ರಾಯದ 9 ಮಂದಿ ಗಂಡಸರಿಂದ ಹತ್ತು ವಾರ ಭಾರ ಎತ್ತಿಸಿ ರಕ್ತ ಪರೀಕ್ಷಿಸಿದರು. ಮುದುಕರಲ್ಲಿ ವಿಶ್ರಾಂತಿ ವೇಳೆಯ ಕಾರ್ಟಿಸೋಲ್ ಇಳಿದಿತ್ತು. ಸಾಧನೆ ಮಾಡಿದೊಡನೆ ಟೆಸ್ಟೋಸ್ಟಿರೋನು ಮೊದಲಿಗಿಂತ ಚೆನ್ನಾಗಿ ಏರತೊಡಗಿತ್ತು. ಯುವಕರ ಮಟ್ಟಕ್ಕೇನೂ ಅದು ಬರಲಿಲ್ಲ. ಪರೀಕ್ಷೆಗೆ ಒಳಗಾದವರೂ ಬೆರಳೆಣಿಕೆಯ ಜನ.

ಆದಕಾರಣ ಹಾರ್ಮೋನಿನ ಏರಿಕೆಯನ್ನು ಕಂಡು ಕುಣಿಯುವುದು ಬೇಡ. ಸಾಧನೆಯ ನಂತರದ ಆ ಏರಿಕೆ ಒಂದು ತಾಸಿನೊಳಗೆ ಹೆಚ್ಚುಕಡಿಮೆ ಇಳಿದುಹೋಗುತ್ತದೆ. ಹೆಂಗಸರಲ್ಲಿ ಟೆಸ್ಟೋಸ್ಟಿರೋನು ತೀರ ಕಡಿಮೆ, ಆದರೂ ತಮ್ಮ ಅಳತೆಗೆ ತಕ್ಕಂತೆ ಅವರೂ ಗಂಡಸರಷ್ಟೇ ಬಲ ಗಳಿಸುತ್ತಾರೆ. ನಿಜವಾದ ಲಾಭವಿರುವುದು ದೂತ ತಂದ ಮಾತಿಗೆ ಸ್ನಾಯು ಕಿವಿಗೊಡುವುದರಲ್ಲಿ. ಇನ್ಸುಲಿನ್ನನ್ನೇ ನೋಡಿ. ಭಾರಕ್ಕೆ ಬಿಗಿದ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೇ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಮುಂದೆ ಒಂದೆರಡು ದಿನ, ಕಡಿಮೆ ಇನ್ಸುಲಿನ್ನಿಗೂ ಓಗೊಡುತ್ತದೆ. ಸಿಹಿಮೂತ್ರದ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಓಡಾಡುವ ನಮ್ಮಂಥವರಿಗೆ ಇದಕ್ಕಿಂತ ಬೇರೆ ಸುದ್ದಿ ಬೇಕೆ?

ಈ ಹಾರ್ಮೋನುಗಳನ್ನು ಸೂಜಿಯ ಮೂಲಕ ಚುಚ್ಚಿ ಯೌವನ ಮಾರುವ ಅಂಗಡಿಗಳೂ ಈ ಊರಿನಲ್ಲಿವೆ. ಹೊರಗಿನಿಂದ ಟೆಸ್ಟೋಸ್ಟಿರೋನು ಬಂದರೆ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಬೆಳವಣಿಗೆಯ ಹಾರ್ಮೋನು ಚುಚ್ಚಿಸಿಕೊಂಡ ಮುದುಕರಿಗೆ ಮೈ ಬಾತು, ಕೀಲು ನೋವು, ಸಕ್ಕರೆ ಏರುವುದು ಉಂಟು. ವೈದ್ಯರು ಕಾಯಿಲೆ ಕಂಡು ಬರೆದುಕೊಟ್ಟರೆ ಆ ಮಾತು ಬೇರೆ. ಇಲ್ಲವಾದರೆ ಆ ಹಣದಲ್ಲಿ ಮೊಟ್ಟೆ, ಮೀನು, ಹೆಸರುಕಾಳು ತಿನ್ನಿರಿ.

“ಈ ವಯಸ್ಸಿನಲ್ಲಿ ಇದೆಲ್ಲ ಆದೀತೇ?” ಎನ್ನುವವರು ಬಾಸ್ಟನ್ ನಗರದ ಒಂದು ವೃದ್ಧಾಶ್ರಮದ ಕಥೆ ಕೇಳಬೇಕು. 1990ರಲ್ಲಿ ಅಲ್ಲಿ 86ರಿಂದ 96 ವರುಷದ ಹತ್ತು ಮಂದಿ ಹೆಂಗಸರು, ಗಂಡಸರಿಗೆ ಎಂಟು ವಾರ ಕಾಲಿನ ಭಾರ ಸಾಧನೆ ಮಾಡಿಸಿದರು. ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಮೇಲೇರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಆದರೆ ಸಾಧನೆ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಆ ಬಲದ ಮೂರರಲ್ಲಿ ಒಂದು ಪಾಲು ಇಳಿದುಹೋಯಿತು. ಆದ್ದರಿಂದ ವರುಷಕ್ಕೊಂದು ‘ಆರೋಗ್ಯ ಶಿಬಿರ’ ಮಾಡಿ, ಫೋಟೋ ತೆಗೆಸಿ, ಹಾರ ಹಾಕಿಸಿಕೊಂಡರೆ ನಡೆಯದು. ವಾರ ವಾರವೂ ಬಾಗಿಲು ತೆರೆದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲೂ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಿಯುವ ವ್ಯಾಯಾಮವಿರಲಿ ಎಂದಿದೆ.

1982ರ ಮುಷ್ಕರದೊಡನೆ ಗಿರಣಿ ಬಿಟ್ಟ ನಮ್ಮ ಬಂಧುಗಳು ಈಗ ಎಪ್ಪತ್ತರ ಆಚೀಚೆ ಇದ್ದಾರೆ. ಚಾಳಿನ ಮೂರನೆಯ ಮಾಳಿಗೆ ಹತ್ತಲಾರದೆ ಸಂಘದ ಸಭೆಗೂ ಬರುವುದನ್ನು ಬಿಟ್ಟವರನ್ನು ನಾನು ಬಲ್ಲೆ. ಅವರಿಗೆ ಕುಸ್ತಿಯ ಗದೆ ಬೇಕಿಲ್ಲ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯೊತ್ತಿ ದಂಡ ತೆಗೆಯುವುದು, ಮರಳು ತುಂಬಿದ ಚೀಲ ಎತ್ತುವುದು, ಸಲೀಸಾದರೆ ಚೀಲಕ್ಕೆ ಇನ್ನೊಂದು ಹಿಡಿ ಮರಳು. ಉಸಿರು ಬಿಗಿಹಿಡಿಯಬಾರದು. ರಕ್ತದೊತ್ತಡ, ಹೃದ್ರೋಗ, ಅಂಡವಾಯು ಇದ್ದವರು, ಸಕ್ಕರೆಗೆ ಮದ್ದು ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿಯೇ ಬರಬೇಕು.

ಮುಂದಿನ ಸಭೆಗೆ ಈ ಸೂಚನೆಯನ್ನು ನಾನೇ ಮತ್ತೆ ತರುತ್ತೇನೆ, ಹೆಂಗಸರಿಗೂ ಬೇರೆ ವೇಳೆ ಇರಲಿ ಎಂದು ಸೇರಿಸಿ. ವ್ಯಾಯಾಮಶಾಲೆಯ ಕೀಲಿಕೈ ಹುಡುಗರ ಹತ್ತಿರವಿದೆ. ಬೆಳಿಗ್ಗೆ ಆರಕ್ಕೆ ಬಂದು ಬಾಗಿಲು ತೆಗೆಯುವ ಕೆಲಸಕ್ಕೆ ಸದ್ಯಕ್ಕೆ ನನ್ನ ಹೆಸರು ಬರೆದುಕೊಳ್ಳಿರಿ. ಎರಡನೆಯ ಹೆಸರು ಬೇಕು.