ಹುಡುಗರು ಬೆಂಚು ಹೊರಲಷ್ಟೇ ಬೇಕೇ?



ನನ್ನದೊಂದು ಸಣ್ಣ ಮುದ್ರಣಾಲಯ. ನಾನು ಹೋಗುವ ಚರ್ಚಿನ ಹಬ್ಬದ ಕರಪತ್ರ ವರ್ಷವರ್ಷವೂ ನಮ್ಮಲ್ಲೇ ಅಚ್ಚಾಗುತ್ತದೆ. ಸಮಿತಿಯ ಹೆಸರುಗಳೆಲ್ಲ ತಲೆ ನರೆತವರವೇ. ಹದಿಹರೆಯದವರಿಗೆ ಕೊನೆಯ ಸಾಲು: ‘ಯುವಕರ ಸಹಕಾರದೊಂದಿಗೆ’. ಸಹಕಾರವೆಂದರೆ ಬೆಂಚು ಹೊರುವುದು, ತೋರಣ ಕಟ್ಟುವುದು, ಊಟ ಬಡಿಸುವುದು! ಆಮೇಲೆ ‘ದೃಢೀಕರಣ ಸಂಸ್ಕಾರ ಮುಗಿದರೆ ಹುಡುಗರು ಇತ್ತ ತಲೆ ಹಾಕುವುದಿಲ್ಲ’ ಎಂದು ಹಿರಿಯರ ಗೋಳು. ಯಾಕೆ ಬಂದಾರು?

ಚರ್ಚಿನ ಕಾನೂನನ್ನೇ ನೋಡಿ. 1983ರ ಧರ್ಮಸಂಹಿತೆಯ 874ನೇ ವಿಧಿಯಂತೆ, ಹದಿನಾರು ತುಂಬಿ ದೃಢೀಕರಣ ಪಡೆದವರು ಮಗುವಿನ ಜ್ಞಾನಸ್ನಾನದಲ್ಲಿ ಜ್ಞಾನತಂದೆ, ಜ್ಞಾನತಾಯಿ ಆಗಬಹುದು. ಮಗುವಿನ ನಂಬಿಕೆಯ ಹೊಣೆ ಹೊರಬಲ್ಲವರು ಹಬ್ಬದ ಲೆಕ್ಕ ಬರೆಯಲಾರರೇ?

ಭಾಷೆಯ ಮಾತೂ ಇದೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಜನರ ಭಾಷೆಗೆ ಪೂಜೆಯ ಬಾಗಿಲು ತೆರೆಯಿತು. ಬೆಂಗಳೂರಿನ ಕನ್ನಡ ಕ್ರೈಸ್ತರು ಕನ್ನಡ ಪೂಜೆಗಾಗಿ ದಶಕಗಳ ಕಾಲ ಹೋರಾಡಿದರು. ಇಂಗ್ಲಿಷ್ ಶಾಲೆಯಲ್ಲಿ ಓದುವ ನಮ್ಮ ಮಕ್ಕಳು ಪೀಠದ ಬಳಿ ನಿಂತು ಕನ್ನಡ ವಾಚನ ಓದದಿದ್ದರೆ, ಆ ಪೂಜೆ ನಾಳೆ ಯಾರಿಗೆ?

ಕಳೆದ ಹಬ್ಬಕ್ಕೆ ಕರಪತ್ರದ ಕರಡು ತಿದ್ದಲು ಇಬ್ಬರು ಪಿಯುಸಿ ಮಕ್ಕಳನ್ನು ಕೂರಿಸಿದೆ. ನನ್ನ ಕಣ್ಣು ತಪ್ಪಿದ ಏಳು ತಪ್ಪು ಹಿಡಿದರು! ಮರುವಾರ ಕರೆಯದೆಯೇ ಬಂದರು.

ತರುಣರೇ, ಯಾರಾದರೂ ಕರೆಯಲಿ ಎಂದು ಕಾಯಬೇಡಿ. ಈ ಭಾನುವಾರ ಪೂಜೆ ಮುಗಿದೊಡನೆ ಗುರುಗಳ ಬಳಿ ಹೋಗಿ. ವಾಚನ ಕೇಳಿ, ಲೆಕ್ಕ ಕೇಳಿ, ಸಮಿತಿಯಲ್ಲಿ ಜಾಗ ಕೇಳಿ. ಬೆಂಚನ್ನೂ ಹೊರಿ, ಅದರ ಮೇಲೆ ಕೂತು ಮಾತನ್ನೂ ಆಡಿ!